ಐದು ತಂತಿಯ ಬಾಗಿಲು

ಎಲ್ಡರ್ ಅಮೊಯಾವ್ ಕಾರಿನಿಂದ ಇಳಿಯುವುದನ್ನು ಕಂಡವರಿಗೆ ಇಳಿಯುವುದೂ ಒಂದು ಕೆಲಸ ಎಂದು ಗೊತ್ತಾಗುತ್ತಿತ್ತು. ಮೊದಲು ಒಂದು ಕಾಲು ಹೊರಗೆ ಬರುತ್ತಿತ್ತು. ಅದನ್ನು ಯಾರಾದರೂ ನೋಡಿದರು ಎಂದು ಖಾತ್ರಿಯಾದ ಮೇಲೆ ಇನ್ನೊಂದು. ಬಾಗಿಲು ಮುಚ್ಚಿ, ಸ್ವಲ್ಪ ದೂರ ನಡೆದು, ಹಿಂದಿರುಗಿ ನೋಡದೆ ಬೆನ್ನ ಹಿಂದಿನಿಂದಲೇ ಕೀಲಿಯ ಗುಂಡಿ ಒತ್ತುತ್ತಿದ್ದರು. ಕಾರು 'ಪೀಂ ಪೀಂ' ಎನ್ನುತ್ತಿತ್ತು. ಚರ್ಚಿನ ಅಂಗಳ ಖಾಲಿಯಿದ್ದರೆ ಗುಂಡಿ ಒತ್ತದೆ ಸ್ವಲ್ಪ ತಡೆಯುತ್ತಿದ್ದರು, ಯಾರಾದರೂ ಬರಲಿ ಎಂದು.

ಎಲ್ಡರ್ ಎನ್ನುವುದು ಅವರ ಹೆಸರಲ್ಲ, ಚರ್ಚಿನ ಹಿರಿಯರ ಮಂಡಳಿಯಲ್ಲಿ ಸಿಕ್ಕ ಪದವಿ. ಅದು ಸಿಕ್ಕ ದಿನದಿಂದ ಕುಮಾಸಿಯ ಅವರ ಬೀದಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದಿರಲಿಲ್ಲ. ಹೆಂಡತಿ ಪೊಕುವಾ ಕೂಡ ಅಡುಗೆಮನೆಯಿಂದ "ಎಲ್ಡರ್, ಫುಫು ಮುದ್ದೆ ಆರ್ತಾ ಇದೆ" ಎಂದೇ ಕೂಗುತ್ತಿದ್ದಳು.

ನಿವೃತ್ತಿಯ ತನಕ ಅವರು ಕೋಕೋ ಬೀಜ ಕೊಳ್ಳುವ ಮಳಿಗೆಯಲ್ಲಿ ತೂಕದ ಗುಮಾಸ್ತೆ. ತಕ್ಕಡಿಯ ಮುಂದೆ ನಿಂತು ನಿಂತು ಒಂದು ಅಭ್ಯಾಸ ಬಿದ್ದುಬಿಟ್ಟಿತ್ತು. ಎದುರಿಗೆ ಬಂದ ಮನುಷ್ಯನನ್ನೂ ಮೂಟೆಯ ಹಾಗೆ ಒಂದೇ ನೋಟದಲ್ಲಿ ತೂಗಿ ಪಕ್ಕಕ್ಕೆ ಇಡುತ್ತಿದ್ದರು. ತಮ್ಮನ್ನು ತಾವು ತೂಗಿಕೊಳ್ಳುವ ಪ್ರಸಂಗ ಬಂದಿರಲಿಲ್ಲ. ತಕ್ಕಡಿ ಹಿಡಿದವನು ತಕ್ಕಡಿ ಹತ್ತುವುದುಂಟೇ?

ನಿವೃತ್ತಿಯ ಮೇಲೆ ಕೊಂಡ ಬಿಳಿ ಜಪಾನಿ ಕಾರು ಅವರ ಎರಡನೆಯ ಪದವಿಯಾಯಿತು. ಘಾನಾದಲ್ಲಿ ಸ್ಟೀರಿಂಗ್ ಎಡಕ್ಕಿರಬೇಕು. ಆದರೆ ಜಪಾನು, ಇಂಗ್ಲೆಂಡುಗಳಲ್ಲಿ ಓಡಿದ ಹಳೆಯ ಕಾರುಗಳಲ್ಲಿ ಅದು ಬಲಕ್ಕಿರುತ್ತದೆ. ಅವನ್ನು ಅಗ್ಗಕ್ಕೆ ತಂದು, ಸ್ಟೀರಿಂಗನ್ನು ಕಿತ್ತು ಎಡಕ್ಕೆ ಕೂರಿಸುವ ಜಾಣರು ಎಲ್ಲೆಲ್ಲೂ ಇದ್ದಾರೆ. ಅಂಥವು 'ತಿರುಗಿಸಿದ ಗಾಡಿ'. ಹಾಗಲ್ಲದೆ ಕಾರ್ಖಾನೆಯಿಂದಲೇ ಎಡಕ್ಕೆ ಸ್ಟೀರಿಂಗ್ ಇಟ್ಟುಕೊಂಡು ಬಂದವು 'ಹುಟ್ಟು ಎಡಗೈ'. ಎಡಗೈಯಲ್ಲಿ ಏನನ್ನೂ ಕೊಡಬಾರದ, ಎಡಗೈ ಎತ್ತಿ ದಾರಿ ಕೂಡ ತೋರಿಸಬಾರದ ಆ ನಾಡಿನಲ್ಲಿ, ಎಡಗೈ ಎಂದು ಎದೆಯುಬ್ಬಿಸಿ ಹೇಳಿಕೊಳ್ಳಬಹುದಾದ ವಸ್ತು ಇದೊಂದೇ. "ನಂದು ಹುಟ್ಟು ಎಡಗೈ" ಎಂದು ಎಲ್ಡರ್ ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಮಾರಿದವನು ಹಾಗೆ ಹೇಳಿದ್ದ. ಬಾಗಿಲುಗಳ ಒಳಮೈಗೆ ಹೊಸ ಗಾಡಿಯ ಹಾಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದೂ ಸಾಕ್ಷಿಗೆ ಇತ್ತು. ಆ ಹಾಳೆಯನ್ನು ಅವರು ತೆಗೆಯಲಿಲ್ಲ. ಸೆಕೆಗೆ ಪೊಕುವಾಳ ತೋಳು ಅದಕ್ಕೆ ಅಂಟಿಕೊಂಡು, ಬಿಡಿಸುವಾಗ ಚರ್ರೆನ್ನುತ್ತಿತ್ತು. ಹೊಸತನಕ್ಕೆ ಅಷ್ಟು ಬೆಲೆ ಕೊಡಬೇಕಾಗುತ್ತದೆ ಎಂದು ಅವರು ಸಮಾಧಾನ ಹೇಳುತ್ತಿದ್ದರು, ತಮ್ಮ ತೋಳು ಕಿಟಕಿಯಾಚೆ ಗಾಳಿಗಿಟ್ಟು.

ಹಳ್ಳಿಯಿಂದ ಬಂದು ಕುಮಾಸಿಯಲ್ಲಿ ನೆಲೆಸಿದವರಿಗೆ ಒಂದು ಸಂಘವಿತ್ತು. ಯಾರಾದರೂ ತೀರಿಕೊಂಡರೆ ಹೆಣವನ್ನು ಹಳ್ಳಿಗೆ ಮೆರವಣಿಗೆಯಲ್ಲಿ ಒಯ್ಯುವುದು ಅದರ ಮುಖ್ಯ ಕೆಲಸ. ಒಮ್ಮೆ ದಾರಿಯಲ್ಲಿ ಒಂದು ತಿರುಗಿಸಿದ ಕಾರಿನ ಸ್ಟೀರಿಂಗ್ ಸಿಕ್ಕಿಕೊಂಡು, ಸತ್ತವರೂ ಬದುಕಿದವರೂ ಬಿಸಿಲಲ್ಲಿ ಒಟ್ಟಿಗೆ ಕಾಯಬೇಕಾಯಿತು. ಮುಂದಿನ ಸಭೆಯಲ್ಲಿ ಎಲ್ಡರ್ ಎದ್ದು ನಿಂತರು.

"ಹೆಣದ ಗಾಡಿ ಹಿಂದೆ ಹುಟ್ಟು ಎಡಗೈ ಗಾಡಿಗಳು ಮಾತ್ರ ಇರ್ಲಿ. ತಿರುಗಿಸಿದ್ದೆಲ್ಲ ಕೊನೇಲಿ, ಹಾಡೋ ಹೆಂಗಸರ ಬಸ್ಸಿನ ಹಿಂದೆ. ತಿರುಚಿದ ಗಾಡಿ ತಿರುಚಿದ ನಾಲಿಗೆ ಹಾಗೆ, ನಂಬಕ್ಕಾಗಲ್ಲ."

ಎಲ್ಲರೂ ಕೈ ಎತ್ತಿದರು. ಎತ್ತುವಾಗ ಹಲವರು ನೆಲ ನೋಡುತ್ತಿದ್ದರು. ಅದು ಗೌರವ ಎಂದು ಎಲ್ಡರ್ ತಿಳಿದರು.

ಈ ನಿಯಮದ ಪೆಟ್ಟು ಹೆಚ್ಚಾಗಿ ಬಿದ್ದದ್ದು ಪೊಕುವಾಳ ತಮ್ಮ ನ್ಸಿಯಾನಿಗೆ. ಟೊಮೆಟೊ ವ್ಯಾಪಾರದ ನ್ಸಿಯಾ ತನ್ನ ಕಾರು ತಿರುಗಿಸಿದ್ದು ಎಂದು ತಾನೇ ಸಾರಿಕೊಂಡು ತಿರುಗುವ ಆಸಾಮಿ. "ಇಂಗ್ಲೆಂಡಲ್ಲಿ ಬಲಗೈ, ಇಲ್ಲಿ ಎಡಗೈ. ಎಲ್ಲಿಗೆ ಬಂತೋ ಅಲ್ಲಿನ ಗಂಜಿ ಕುಡಿಯತ್ತೆ" ಎನ್ನುತ್ತಿದ್ದ. ಅಲ್ಲಿಂದಾಚೆಗೆ ಅವನು ಪ್ರತಿ ಮೆರವಣಿಗೆಯಲ್ಲೂ ಬಸ್ಸಿನ ಹಿಂದೆ ಕೆಂಪು ಧೂಳು ಕುಡಿದ.

ಆ ವರ್ಷ ಕ್ರಿಸ್‌ಮಸ್ ಹಬ್ಬ ಕಳೆದ ಮೇಲೆ ಪೊಕುವಾಳ ತಾಯಿ ತೀರಿಕೊಂಡಳು. ಆ ನಾಡಿನ ಪದ್ಧತಿಯಂತೆ ಹೆಣವನ್ನು ಶವಾಗಾರದಲ್ಲಿ ಇಟ್ಟು, ಬಳಗಕ್ಕೆಲ್ಲ ಹೇಳಿಕಳಿಸಿ, ಒಂದು ಶನಿವಾರ ಗೊತ್ತುಮಾಡಿದರು. ಹೆಣದ ಗಾಡಿಯ ಹಿಂದೆ ಮೊದಲ ಕಾರು ಅಳಿಯ ಎಲ್ಡರ್ ಅಮೊಯಾವ್ ಅವರದು. ಅವರ ಪಕ್ಕದ ಸೀಟಿನಲ್ಲಿ, ಸತ್ತವಳ ಅಣ್ಣನೂ ಮನೆತನದ ಯಜಮಾನನೂ ಆದ ನಾನಾ ಬ್ರೆಂಪೊಂಗ್. ಹೆತ್ತ ಮಗ ನ್ಸಿಯಾ, ನಿಯಮದ ಪ್ರಕಾರ, ಕೊನೆಯಲ್ಲಿ.

ಪೊಕುವಾ ಕೇಳಿದಳು. "ಎಲ್ಡರ್, ಅಮ್ಮನ ಮೆರವಣಿಗೇಲೂ ನ್ಸಿಯಾ ಬಸ್ಸಿನ ಹಿಂದೇನಾ?"

"ನಿಯಮ ಇದೆಯಲ್ಲ."

"ನಿಯಮ ಮಾಡಿದ್ದು ನೀವು."

"ಅದಕ್ಕೇ ಮುರಿಯಕ್ಕಾಗಲ್ಲ. ಮಾಡಿದೋನೇ ಮುರಿದ್ರೆ ಜನ ಏನಂತಾರೆ?"

ಪೊಕುವಾ ಮತ್ತೆ ಕೇಳಲಿಲ್ಲ. ಗಂಡನನ್ನು ಎರಡು ಸಲ ಕೇಳಿ ಏನನ್ನೂ ಪಡೆದವಳಲ್ಲ ಅವಳು. ಉಳಿದದ್ದನ್ನು ಪ್ರಾರ್ಥನೆಯಲ್ಲಿ ಕೇಳುತ್ತಿದ್ದಳು, ಅಲ್ಲಿ ಸಭೆಯ ನಿಯಮಗಳು ನಡೆಯುವುದಿಲ್ಲವಲ್ಲ.

ಇಂಥ ಹೊತ್ತಿನಲ್ಲಿ ಕಾರಿನ ಬಲಗಡೆಯ ಮುಂದಿನ ಬಾಗಿಲಿಗೆ ಬಿದ್ದ ಬೀಗ ತೆರೆಯದೇ ಹೋಯಿತು. ಕೀಲಿಯ ಗುಂಡಿ ಒತ್ತಿದರೆ ಬೇರೆ ಬಾಗಿಲುಗಳು 'ಟಕ್' ಎನ್ನುತ್ತಿದ್ದವು, ಅದು ಮಾತ್ರ ಒಳಗೊಳಗೇ ನರಳುತ್ತಿತ್ತು. ಆ ಬಾಗಿಲಿನ ಬಗ್ಗೆ ಎಲ್ಡರಿಗೆ ಮೊದಲಿನಿಂದಲೂ ಅನುಮಾನ. ತಾವು ತಮ್ಮ ಕಡೆಯ ಬೀಗದ ಗುಬುಟು ಒತ್ತಿದರೆ ತಮ್ಮ ಬಾಗಿಲಿಗೆ ಮಾತ್ರ ಬೀಗ ಬೀಳುತ್ತಿತ್ತು. ಪೊಕುವಾ ತನ್ನ ಕಡೆಯದು ಒತ್ತಿದರೆ ಇಡೀ ಕಾರು ಮುಚ್ಚಿಕೊಳ್ಳುತ್ತಿತ್ತು. ಇದು ಯಂತ್ರದ ಮಾತಲ್ಲ, ಯಾವುದೋ ಶಕ್ತಿಯ ಆಟ ಎಂದು ಅವರಿಗೆ ಅನ್ನಿಸಿತ್ತು. ಹೊಸ ವರ್ಷದ ಪ್ರಾರ್ಥನೆಯಲ್ಲಿ ಎಲ್ಲರೂ ಎಣ್ಣೆಯ ಸೀಸೆ ಒಯ್ದು ಹರಸಿಸಿಕೊಂಡಾಗ, ಎಲ್ಡರ್ ಆ ಎಣ್ಣೆಯನ್ನು ಹಣೆಗೆ ಒಂದು ಬೊಟ್ಟು ಹಚ್ಚಿ, ಉಳಿದದ್ದನ್ನೆಲ್ಲ ಆ ಬಾಗಿಲಿನ ಬೀಗದೊಳಕ್ಕೂ ಗಾಜಿನ ಸಂದಿಗೂ ಸುರಿದಿದ್ದರು.

ಈಗ ಪೊಕುವಾ ಕಪ್ಪು ಬಟ್ಟೆ ಉಟ್ಟು, ಗಂಡನ ಸೀಟಿನ ಮೇಲೆ ಹತ್ತಿ, ಗೇರಿನ ಕಡ್ಡಿ ದಾಟಿ ತನ್ನ ಜಾಗಕ್ಕೆ ಇಳಿಯಬೇಕಾಯಿತು. ಅವಳದು ಹೇಗೋ ನಡೆಯುತ್ತಿತ್ತು. ಕೋಲೂರಿ ನಡೆಯುವ ನಾನಾ ಬ್ರೆಂಪೊಂಗ್ ಅವರನ್ನು ಬಳಗದ ಎದುರಿಗೆ ಹಾಗೆ ಹತ್ತಿಸುವುದನ್ನು ನೆನೆದು ಎಲ್ಡರ್ ದಿನಕ್ಕೆ ಹತ್ತು ಸಲ ಕೀಲಿಯ ಗುಂಡಿ ಒತ್ತಿ ನೋಡುತ್ತಿದ್ದರು.

ಮಂಗಳವಾರ ಕಾರನ್ನು ಮ್ಯಾಗಜೀನಿಗೆ ಒಯ್ದರು. ಅದು ಕುಮಾಸಿಯ ಗ್ಯಾರೇಜುಗಳ ಪೇಟೆ. ಅಲ್ಲಿ ಬಾಗಿಲುಗಳ ಕೆಲಸಕ್ಕೆ ಬಾಡು ಎಂಬ ಎಲೆಕ್ಟ್ರಿಷಿಯನ್. ಅವನ ತಗಡಿನ ಬೋರ್ಡಿನ ಮೇಲೆ 'ದೇವರು ಮುಚ್ಚಿದ ಬಾಗಿಲನ್ನು ಯಾರೂ ತೆರೆಯಲಾರರು. ಉಳಿದವುಗಳನ್ನು ಇಲ್ಲಿ ತೆರೆಯಲಾಗುತ್ತದೆ' ಎಂದು ಬರೆದಿತ್ತು. ಗಂಟಲು ಎಂಥದೆಂದರೆ, ಅವನು ತಿಂಡಿಗೆ ಏನು ತಿಂದ ಎನ್ನುವುದು ನಾಲ್ಕು ಸಾಲಿನ ಆಚೆಯ ವೆಲ್ಡಿಂಗಿನವನಿಗೂ ಗೊತ್ತಿರುತ್ತಿತ್ತು.

"ಯಾವ ಬಾಗಿಲು, ಎಲ್ಡರ್?"

"ಹೆಂಗಸರ ಕಡೇದು."

"ನನ್ನ ಹತ್ರ ಎಡ ಇದೆ, ಬಲ ಇದೆ. ಹೆಂಗಸರ ಕಡೆ ಅಂತ ಇಲ್ಲ. ಇರ್ಲಿ, ಈ ಪ್ಲಾಸ್ಟಿಕ್ ಕೀಳಬೇಕು."

"ಕೀಳದೆ ಮಾಡು."

"ಚೆನ್ನಾಗಿದೆ. ಪ್ಯಾಂಟ್ ಇಳಿಸಲ್ಲ, ಸೂಜಿ ಮಾತ್ರ ಚುಚ್ಚು ಅಂದ ಹಾಗಾಯ್ತು."

ಸುತ್ತಲಿನ ಗ್ಯಾರೇಜಿನವರು ನಕ್ಕರು. ಪೊಕುವಾ ಅಲ್ಲೇ ಒಂದು ಹಳೆಯ ಟೈರಿನ ಮೇಲೆ ಕೂತು, ಸುಟ್ಟ ಬಾಳೆಕಾಯಿ ಮತ್ತು ಕಡಲೆಕಾಯಿ ತರಿಸಿಕೊಂಡು ತಿನ್ನತೊಡಗಿದಳು.

ಬಾಡು ಎಡಗಡೆಯಿಂದ ಒಳಗೆ ತೂರಿ, ಮುಚ್ಚಿದ ಬಾಗಿಲಿಗೆ ಎದೆಯೊತ್ತಿ ಸ್ಕ್ರೂ ಬಿಚ್ಚಿದ. ಒಳಹಲಗೆಯನ್ನು ಎಳೆದಾಗ ಅದರ ಕ್ಲಿಪ್ಪುಗಳು ಹುರಿಗಡಲೆಯ ಹಾಗೆ ಸಿಡಿದವು. ಕೈ ಒಳಗೆ ಹಾಕಿ ಬೀಗದ ಸರಳನ್ನು ಎಳೆದ. ಬಾಗಿಲು ತೆರೆಯಿತು. ಹೊರತೆಗೆದ ಬೆರಳನ್ನು ಅವನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಇದೇನು ಎಲ್ಡರ್, ಒಳಗೆ ಕಡಲೆಕಾಯಿ ಸಾರು ಕಾಯಿಸಿದ್ರಾ?"

"ಹರಸಿದ ಎಣ್ಣೆ ಅದು."

"ಎಣ್ಣೆ ಒಳ್ಳೇದೇ. ಈ ಮರುಭೂಮಿ ಗಾಳಿ ತಂದ ಧೂಳು ಅದಕ್ಕೆ ಸೇರಿ ಗೋಂದಾಗಿದೆ. ಮೋಟಾರು ಬಡಪಾಯಿ, ಎಳೆದೂ ಎಳೆದೂ ಸುಟ್ಟುಹೋಗಿದೆ."

ಎಣ್ಣೆಯ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಹಣೆಗೆ ಹಚ್ಚಬೇಕಾದದ್ದನ್ನು ಬೀಗಕ್ಕೆ ಹೊಯ್ದರೆ ದೇವರಾದರೂ ಏನು ಮಾಡಿಯಾನು.

ಬಾಡು ಸುಟ್ಟ ಮೋಟಾರನ್ನು ಬಿಚ್ಚಿದ. ಅಂಗೈಯಗಲದ ಕಪ್ಪು ಡಬ್ಬಿ, ಅದರಿಂದ ಹೊರಟ ತಂತಿಗಳು. ಅವನ್ನು ಬೆರಳಿನಿಂದ ಬಿಡಿಸಿ ನೋಡಿದ. ಮತ್ತೊಮ್ಮೆ ನೋಡಿದ. ಏನೂ ಹೇಳದೆ ಹೋಗಿ ಎಲ್ಡರ್ ಕಡೆಯ ಬಾಗಿಲಿನ ಹಲಗೆಯನ್ನೂ ಕಿತ್ತ.

"ಅದು ಸರಿಯಾಗೇ ಇದೆಯಲ್ಲ" ಎಂದರು ಎಲ್ಡರ್.

"ಸರಿಯಾಗಿದೆ. ಅದೇ ತಾಪತ್ರಯ. ಸ್ವಲ್ಪ ಈ ಕಡೆ ಬನ್ನಿ."

ಬಾಡು ದನಿ ತಗ್ಗಿಸಿದ. ಅವನು ದನಿ ತಗ್ಗಿಸಿದ್ದನ್ನು ಆ ಪೇಟೆಯಲ್ಲಿ ಯಾರೂ ಕೇಳಿರಲಿಲ್ಲವಾಗಿ, ಸುತ್ತಿಗೆಯ ಸದ್ದೆಲ್ಲ ಒಮ್ಮೆಲೇ ನಿಂತಿತು.

"ಈ ಗಾಡೀಲಿ ಒಂದು ಬಾಗಿಲು ದೊರೆ, ಬಾಕಿದೆಲ್ಲ ಆಳು. ದೊರೆ ಮೋಟಾರಿಗೆ ಐದು ತಂತಿ, ಆಳಿಗೆ ಎರಡು. ದೊರೆ ಹೇಳತ್ತೆ, ಆಳು ಕೇಳತ್ತೆ. ದೊರೆ ಇರೋದು ಓಡಿಸೋರ ಕಡೆ. ನಿಮ್ಮ ಗಾಡೀಲಿ ದೊರೆ ಅಮ್ಮಾವ್ರ ಕಡೆ ಕೂತಿದೆ."

"ಅಂದ್ರೆ?"

"ಅಂದ್ರೆ ಈ ಗಾಡಿ ಹುಟ್ಟಿದಾಗ ಓಡಿಸೋರು ಆ ಕಡೆ ಕೂತಿದ್ರು."

"ಯಾರೋ ಮೋಟಾರು ತಪ್ಪು ಹಾಕಿರ್ಬೇಕು."

"ಮೋಟಾರು, ತಂತಿ, ಕ್ಲಿಪ್ಪು ಎಲ್ಲ ಕಾರ್ಖಾನೇದೇ, ಯಾರೂ ಮುಟ್ಟಿಲ್ಲ. ತಪ್ಪು ಹಾಕಿದಾರೆ ಅನ್ನೋದಾದ್ರೆ ಸ್ಟೀರಿಂಗ್ ಹಾಕಿದಾರೆ."

ಎಲ್ಡರ್ ಹೆಂಡತಿಯ ಕಡೆ ನೋಡಿದರು. ಅವಳು ಕಡಲೆಕಾಯಿಯ ಸಿಪ್ಪೆ ಊದುತ್ತಿದ್ದಳು. ಕೇಳಿಸಿಲ್ಲ ಎಂದುಕೊಂಡರು. ಎರಡು ವರ್ಷ ಶಕ್ತಿಯ ಆಟ ಎಂದು ಉಪವಾಸ ಮಾಡಿದ್ದು, ಎಣ್ಣೆ ಹೊಯ್ದದ್ದು ನೆನಪಾಯಿತು. ಶನಿವಾರದ ಮೆರವಣಿಗೆ ಕಣ್ಣ ಮುಂದೆ ಬಂತು. ಅವರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು.

"ಐದು ತಂತಿದು ನನ್ನ ಕಡೆ ಹಾಕು. ಎರಡು ತಂತಿದು ಆ ಕಡೆ."

"ಯಾಕೆ ಎಲ್ಡರ್? ಆ ಕಡೆ ಐದು ತಂತಿದೇ ಹೊಸದು ಹಾಕಿದ್ರೆ ಈಗಲೇ ಮನೆಗೆ ಹೋಗ್ಬಹುದು. ಇದಕ್ಕೆ ಆ ಕಡೆಯಿಂದ ತಂತಿ ಎಳ್ಕೊಂಡು ಬರ್ಬೇಕು, ಕಾರ್ಪೆಟ್ ಎಬ್ಬಿಸ್ಬೇಕು."

"ಎಬ್ಬಿಸು."

"ಬಾಗಿಲು ತೆರೆಯಕ್ಕೆ ಅದೇನೂ ಬೇಕಾಗಿಲ್ಲ."

"ಬಾಗಿಲಿಗೆ ಬೇಕಾಗಿಲ್ಲ, ನನಗೆ ಬೇಕು."

ಬಾಡು ತಂತಿ ಎಳೆದ. ಬಿಡಿಭಾಗದ ಸಾಲಿನಿಂದ ಎರಡು ಮೋಟಾರು ತಂದು ಕೂರಿಸಿದ. ಹಳೆಯ ಗೋಂದನ್ನೆಲ್ಲ ಪೆಟ್ರೋಲು ಬಟ್ಟೆಯಿಂದ ಒರೆಸಿದ. ಎಲ್ಡರ್ ತಮ್ಮ ಬಾಗಿಲಿನ ಗುಬುಟು ಒತ್ತಿದರು. ಮೂರು ಬಾಗಿಲು ಮುಚ್ಚಿಕೊಂಡವು, ಪೊಕುವಾಳ ಕಡೆಯದು ಟಕ್ಕೆಂದು ತೆರೆದುಕೊಂಡಿತು.

"ಆಳು ಮಾಡಿದ್ರೂ ಮಾತು ಕೇಳ್ತಿಲ್ಲ ನೋಡಿ" ಎಂದ ಪಕ್ಕದ ವೆಲ್ಡಿಂಗಿನವನು.

"ತಂತಿ ಉಲ್ಟಾ ಕೊಟ್ಟೆ, ನಂದೇ ತಪ್ಪು" ಎಂದು ಬಾಡು ಎರಡು ತಂತಿ ಅದಲುಬದಲು ಮಾಡಿದ. ಈ ಸಲ ನಾಲ್ಕೂ ಬಾಗಿಲು ಒಂದೇ ಉಸಿರಿಗೆ ಮುಚ್ಚಿದವು. ಎಲ್ಡರಿಗೆ ಜೀವ ಬಂದ ಹಾಗಾಯಿತು. ಇನ್ನು ಯಾರು ಬಂದು ಯಾವ ಹಲಗೆ ಕಿತ್ತರೂ ಐದು ತಂತಿ ಎಡಗಡೆಯೇ ಇರುತ್ತದೆ. ಜಪಾನಿನವರು ಮಾಡದ್ದನ್ನು ತಾವು ಮಾಡಿ ಮುಗಿಸಿದ್ದರು. ಅವರ ಕಾರು ಆ ಮಂಗಳವಾರ ಹುಟ್ಟು ಎಡಗೈ ಆಗಿತ್ತು.

ಮನೆಯ ದಾರಿಯಲ್ಲಿ ಪೊಕುವಾ ತನ್ನ ಬಾಗಿಲಿನ ಗುಬುಟನ್ನು ಒಮ್ಮೆ ಒತ್ತಿ ನೋಡಿದಳು.

"ಇನ್ನು ನಾನು ಒತ್ತಿದ್ರೆ ನನ್ನ ಬಾಗಿಲು ಮಾತ್ರ, ಅಲ್ವಾ?"

"ನಿನಗೆ ಕೇಳಿಸ್ತಾ?"

"ಬಾಡು ಪಿಸುಗುಟ್ಟಿದ್ರೆ ಯಾರಿಗೆ ಕೇಳಿಸಲ್ಲ." ಅವಳು ಗುಬುಟಿನಿಂದ ಕೈ ತೆಗೆದಳು. "ನಾನು ಯಾರಿಗೂ ಹೇಳಲ್ಲ, ಎಲ್ಡರ್. ಶನಿವಾರ ನನ್ನ ತಮ್ಮ ಅಮ್ಮನ ಹಿಂದೆ ಇರ್ತಾನೋ, ಬಸ್ಸಿನ ಹಿಂದೆ ಇರ್ತಾನೋ, ಅದೊಂದು ಹೇಳಿ."

ಎಲ್ಡರ್ ಎದುರಿನ ಲಾರಿಯನ್ನು ಬಹಳ ಗಮನವಿಟ್ಟು ನೋಡಿದರು. ಲಾರಿ ನಿಂತಿತ್ತು.

ಆಮೇಲಿನ ದಿನಗಳಲ್ಲಿ ಅವರಿಗೆ ಪ್ರಾರ್ಥನೆ ಮೊದಲ ಸಾಲಿನಿಂದ ಮುಂದೆ ಹೋಗಲಿಲ್ಲ. ಮೊದಲ ಸಾಲಿನಲ್ಲಿ 'ಎಲ್ಲವನ್ನೂ ನೋಡುವವನೇ' ಎಂದಿತ್ತು. ಸ್ಟೀರಿಂಗ್ ತಿರುಗಿಸಿದ್ದನ್ನು ಅವನು ನೋಡಿದ್ದ, ಸರಿ. ತಂತಿ ಎಳೆಸಿದ್ದನ್ನೂ ನೋಡಿದ್ದ. ಬಸ್ಸಿನ ಹಿಂದೆ ತಾಯಿಯ ಮೆರವಣಿಗೆಯಲ್ಲಿ ಧೂಳು ಕುಡಿಯುವ ಮಗನನ್ನೂ ಶನಿವಾರ ನೋಡುವವನಿದ್ದ. ಯೋಚಿಸಿ ಯೋಚಿಸಿ ಎಲ್ಡರಿಗೆ ಒಂದು ಉಪಾಯ ಹೊಳೆಯಿತು. ನಿಯಮವನ್ನು ತೆಗೆದುಬಿಡುವುದು. ಆದರೆ ಗುಟ್ಟು ಹೇಳಬೇಕಾಗಿಲ್ಲ. ಕರುಣೆ ಎಂಬ ಒಳ್ಳೆಯ ಮಾತೊಂದು ಇದೆಯಲ್ಲ.

ಶುಕ್ರವಾರ ಸಂಜೆ ಬೇವಿನ ಮರದ ಕೆಳಗೆ ಸಂಘ ಸೇರಿತು. ಎಲ್ಲರೂ ಸೂತಕದ ಕಪ್ಪು, ಕೆಂಪು ಬಟ್ಟೆಯಲ್ಲಿದ್ದರು. ಎಲ್ಡರ್ ಎದ್ದರು.

"ಅಣ್ಣಂದಿರೇ, ಅಕ್ಕಂದಿರೇ, ನಿಯಮ ಕಲ್ಲು, ಕರುಣೆ ನೀರು. ನಾಳೆ ಒಬ್ಬ ಮಗ ತನ್ನ ತಾಯಿ ಹಿಂದೆ ಹೋಗ್ಬೇಕು. ಅವನ ಗಾಡಿ ತಿರುಗಿಸಿದ್ದಾದ್ರೂ ಅವನ ದುಃಖ ತಿರುಗಿಸಿದ್ದಲ್ಲ. ನಾನು ಮಾಡಿದ ನಿಯಮ ನಾನೇ ವಾಪಸ್ ತಗೊಳ್ತೀನಿ."

ಚಪ್ಪಾಳೆ ಬಿತ್ತು. ಕಾರ್ಯದರ್ಶಿ ಎದ್ದು, ದೊಡ್ಡವರ ಮನಸ್ಸು ದೊಡ್ಡದು ಎಂದ. ಒಬ್ಬಳು ಮುದುಕಿ 'ಆಮೆನ್' ಎಂದಳು. ಎಲ್ಡರಿಗೆ ಅನಿಸಿತು, ತಪ್ಪಿಸಿಕೊಳ್ಳಲು ಹೊರಟವನಿಗೆ ಹಾರ ಹಾಕಿದ ಹಾಗಾಯಿತು, ಹಾರವನ್ನು ಬೇಡ ಎನ್ನುವುದು ಸೊಕ್ಕಾದೀತು. ಕೂರುವ ಮುಂಚೆ ಹೆಂಗಸರ ಸಾಲಿನ ಕಡೆ ಒಮ್ಮೆ ನೋಡಿದರು.

ಪೊಕುವಾಳ ಕೈಗಳು ಮಡಿಲಲ್ಲಿದ್ದವು. ಅವಳು ಕೋಪದಿಂದ ನೋಡುತ್ತಿರಲಿಲ್ಲ. ಮೂಟೆ ಹಾಕಿದ ಮೇಲೆ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ರೈತರು ಕಾಯುತ್ತಾರಲ್ಲ, ಹಾಗೆ ನೋಡುತ್ತಿದ್ದಳು. ಆ ನೋಟದ ಎದುರು ನಿಂತು ಎಷ್ಟೋ ಜನರಿಗೆ ತೂಕ ಹೇಳಿದ್ದ ಎಲ್ಡರ್ ಮೊದಲ ಸಲ ತಾವೇ ತಕ್ಕಡಿ ಹತ್ತಿದ್ದರು. ಅರ್ಧ ಕೂತವರು ಮತ್ತೆ ಎದ್ದರು.

"ಇನ್ನೊಂದು ಮಾತಿದೆ. ಇದು ಕರುಣೆ ಅಲ್ಲ. ನನ್ನ ಗಾಡೀನೂ ತಿರುಗಿಸಿದ್ದೇ."

ನಾನಾ ಬ್ರೆಂಪೊಂಗ್ ಕೋಲಿನ ಮೇಲೆ ಗದ್ದ ಇಟ್ಟು ಕೇಳಿದರು.

"ನಿನಗೆ ಯಾವಾಗ ಗೊತ್ತಾಯ್ತು, ಅಳಿಯ?"

"ಮಂಗಳವಾರ, ನಾನಾ."

"ನಮಗೆ ಮೊದಲನೇ ಮಳೇಲೇ ಗೊತ್ತಾಗಿತ್ತು. ಕೂತ್ಕೊ."

ಯಾರೋ ಕೆಮ್ಮಿದರು. ಆ ಕೆಮ್ಮು ನಗೆಯಾಗಿ ಸಾಲಿಡೀ ಹರಡಿತು.

"ಭಾವ," ಎಂದ ನ್ಸಿಯಾ, "ನಿಮ್ಮ ವೈಪರ್ ಅಕ್ಕನ ಕಡೆ ಗಾಜನ್ನ ಲಕಲಕ ಒರೆಸತ್ತೆ, ನಿಮ್ಮ ಕಡೆ ಒಂದು ಮೂಲೆ ಹಾಗೇ ಬಿಡತ್ತೆ. ಅದನ್ನ ತಿರುಗಿಸೋದು ಮರೆತಿದಾರೆ. ಮಳೆ ಬಂದಾಗಲೆಲ್ಲ ನೀವು ಅಕ್ಕನ ಭುಜದ ಮೇಲೆ ವಾಲ್ಕೊಂಡು ಓಡಿಸ್ತಿದ್ರಿ. ಪ್ರೀತಿ ಇರ್ಬೇಕು ಬಿಡು ಅಂತಿದ್ವಿ ನಾವು."

"ಮತ್ತೆ ನಿಯಮಕ್ಕೆ ಯಾಕೆ ಕೈ ಎತ್ತಿದ್ರಿ ಎಲ್ಲ?" ಎಂದು ಎಲ್ಡರ್ ಕೇಳಿದರು.

"ನಿಯಮ ಹೇಳ್ತಿರೋನು ನೀನು" ಎಂದರು ನಾನಾ. "ನಿನ್ನ ಗಾಡಿ ಎಲ್ಲಿ ನಿಲ್ಲಿಸ್ಬೇಕು ಅಂತ ನಿನಗೇ ಹೊಳೀಲಿ ಅಂತ ಕಾದ್ವಿ. ನಿಧಾನಸ್ಥ ನೀನು."

ಎಲ್ಡರ್ ನ್ಸಿಯಾನ ಕಡೆ ತಿರುಗಿದರು. "ನೀನಾದ್ರೂ ಹೇಳ್ಬಹುದಿತ್ತು. ಇಷ್ಟು ದಿನ ಧೂಳು ಕುಡಿದೆಯಲ್ಲ."

ನ್ಸಿಯಾ ನಗುವುದನ್ನು ನಿಲ್ಲಿಸಿದ. "ಹೇಳಿದ್ರೆ ಆ ಅವಮಾನದ ಪಕ್ಕ ಕೂರ್ಬೇಕಾಗಿದ್ದೋಳು ನಮ್ಮಕ್ಕ, ಭಾವ."

ಎಲ್ಡರ್ ನಾನಾ ಹೇಳಿದ ಹಾಗೆ ಕೂತರು. ಅವರ ಜೀವನದಲ್ಲಿ ಅಂಥದ್ದು ಅಪರೂಪ.

ಮರುದಿನ ಬೆಳಿಗ್ಗೆ ಶವಾಗಾರದ ಮುಂದೆ ಕಾರುಗಳು ಸಾಲುಗಟ್ಟಿದವು. ನಿಯಮ ಹೋದ ಮೇಲೆ ಎಲ್ಲರಿಗೂ ಮುಂದೆ ಹೋಗುವ ಆಸೆ. ಕಾರ್ಯದರ್ಶಿ ಕೂಗಿ ಕೂಗಿ ಬಸವಳಿದ. ಹೆಣದ ಗಾಡಿಯ ಹಿಂದೆ, ಕನ್ನಡಿಗೆ ಕೆಂಪು ಬಟ್ಟೆ ಕಟ್ಟಿಕೊಂಡು, ನ್ಸಿಯಾನ ಕಾರು ನಿಂತಿತು. ನಾನಾ ಬ್ರೆಂಪೊಂಗ್ ಮುಂದಿನ ಸೀಟಿನಲ್ಲಿ, ಪೊಕುವಾ ಹಿಂದೆ. ಕಾರು ಹತ್ತುವ ಮುಂಚೆ ಅವಳು ಗಂಡನ ಹತ್ತಿರ ಬಂದಳು.

"ಅಮೊಯಾವ್," ಎಂದಳು, "ಬುಟ್ಟೀಲಿ ನೀರಿದೆ. ದಾರೀಲಿ ಕುಡೀರಿ."

ಬಹಳ ವರ್ಷಗಳ ಮೇಲೆ ಅವಳ ಬಾಯಿಂದ ತಮ್ಮ ಹೆಸರು ಕೇಳಿ ಅವರು ತಲೆಯಾಡಿಸಿದರು. ಯಾರೂ ಹೇಳದಿದ್ದರೂ ಬಿಳಿ ಕಾರನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ, ಹಾಡುವ ಹೆಂಗಸರ ಬಸ್ಸಿನ ಹಿಂದೆ ನಿಲ್ಲಿಸಿದರು.

ಟಾರು ಮುಗಿದು ಮಣ್ಣಿನ ದಾರಿ ಸಿಕ್ಕಿದಾಗ ಬಸ್ಸು ಕೆಂಪು ಧೂಳನ್ನು ಎತ್ತಿ ಎತ್ತಿ ಎರಚಿತು. ಅಮೊಯಾವ್ ಗಾಜಿಗೆ ನೀರು ಚಿಮ್ಮಿಸಿ ವೈಪರ್ ಹಾಕಿದರು. ಅದು ತನ್ನ ಹಳೆಯ ಹಟದಂತೆ ಬಲಗಡೆಯನ್ನು ಚೆನ್ನಾಗಿ ಒರೆಸಿ, ಅವರ ಮೂಲೆಯನ್ನು ಬಿಟ್ಟಿತು. ಅವರು ಖಾಲಿ ಸೀಟಿನ ಮೇಲೆ ವಾಲಿಕೊಂಡು ಕತ್ತು ಚಾಚಿದರು. ಅಲ್ಲಿಂದ ನೋಡಿದರೆ ದಾರಿ ಸ್ವಚ್ಛವಾಗಿ ಕಾಣುತ್ತಿತ್ತು. ಬಹುದೂರ ಮುಂದೆ, ತಿರುವಿನಲ್ಲಿ, ನ್ಸಿಯಾನ ಕಾರಿನ ಕೆಂಪು ಬಟ್ಟೆ ಗಾಳಿಗೆ ಹಾರಾಡುತ್ತಿತ್ತು.